ಧಾರವಾಡ ಎಲ್ಲೈತಿ? – ಮುರಿದ ಕಾರ್ ಆಂಟೆನಾ ಕಲಿಸಿದ ಪಾಠ

ಕಬ್ಬಿನ ಹಂಗಾಮು ಬಂತಂದ್ರೆ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ರಸ್ತೆ ತುಂಬ ಟ್ರ್ಯಾಕ್ಟರ್‌ಗಳೇ. ಕಳೆದ ಸಲ ರಜೆಯಲ್ಲಿ ನಾವು ನಾಲ್ವರು ಗೆಳೆಯನ ಮನೆಯ ಹಳೇ ಕಾರಿನಲ್ಲಿ ಹುಕ್ಕೇರಿಯಿಂದ ಘಟಪ್ರಭಾ, ಗೋಕಾಕ ಹಾದು ಮೂಡಲಗಿಗೆ ಹೊರಟಿದ್ದೆವು. ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬು ತಗುಲಿ ಕಾರಿನ ಆಂಟೆನಾ ಬುಡಸಮೇತ ಲಟಕ್ಕನೆ ಮುರಿಯಿತು.

ನಮಗೇನೂ ಅನಿಸಲಿಲ್ಲ. ಮೊಬೈಲ್ ಇದೆಯಲ್ಲ! ಆದರೆ ಗೆಳೆಯನ ಅಜ್ಜನಿಗೆ ಹೊಲಕ್ಕೆ ಹೋಗುವಾಗ ಧಾರವಾಡ ಆಕಾಶವಾಣಿ ಬೇಕೇ ಬೇಕು. 1950ರಲ್ಲಿ ಶುರುವಾದ ಆ ಕೇಂದ್ರ ಅವರ ಮಟ್ಟಿಗೆ ಮನೆಯವರೊಬ್ಬರಿದ್ದಂತೆ. "ಇಂಜಿನಿಯರ್ ಆಗೋರು ನೀವ ಅದೀರಲ್ಲ, ಮಾಡ್ರಿ" ಅಂದರು. ಮರ್ಯಾದೆ ಪ್ರಶ್ನೆ!

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಬರೀ ಕಡ್ಡಿ ಮುರಿದಿದ್ದರೆ ಕೆಲಸ ಸುಲಭ: ಅದೇ ಅಳತೆಯ ಮರೆಯ ಹೊಸ ಕಡ್ಡಿ ತಿರುಗಿಸಿದರೆ ಮುಗಿಯಿತು. ಬುಡವೂ ಕೇಬಲ್ಲೂ ಚೆನ್ನಾಗಿವೆಯೇ ಎಂದು ತಿಳಿಯಲು ರೇಡಿಯೊ ಹಿಂದಿನ ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಬೇಕು. ನಡುವಿನ ಪಿನ್‌ನಿಂದ ಕಡ್ಡಿಯವರೆಗೆ ರೋಧ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಪಿನ್‌ಗೂ ಹೊರಗಿನ ಲೋಹದ ಕವಚಕ್ಕೂ ಸಂಪರ್ಕ ಇರಲೇಬಾರದು. ಬುಡದಲ್ಲೇ ಆಂಪ್ಲಿಫೈಯರ್ ಇರುವ ಆಂಟೆನಾಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದಕ್ಕೆ 12 ವೋಲ್ಟ್ ತಲುಪುತ್ತಿದೆಯೇ ನೋಡಬೇಕು.

ನಮ್ಮದರಲ್ಲಿ ಬುಡ ಸೀಳಿತ್ತು, ಒಳಗಿನ ಕೇಬಲ್ ತುಕ್ಕು ಹಿಡಿದಿತ್ತು. ಎರಡನ್ನೂ ಬದಲಿಸಬೇಕಾಯಿತು.

ಬದಲಿಸುವ ಕ್ರಮ

1. ಬ್ಯಾಟರಿಯ ಋಣ ತಂತಿ ಬಿಚ್ಚಿ. ಕಿಟಕಿಗಂಬದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅದಕ್ಕೆ ಕೈಹಾಕದೆ ಮೆಕ್ಯಾನಿಕ್‌ಗೆ ಕೊಡಿ.
2. ಹಳೇ ಕೇಬಲ್ಲಿನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ. ಕೇಬಲ್ ಹೊರಬಂದ ದಾರಿಯಲ್ಲಿ ದಾರ ಉಳಿಯುತ್ತದೆ. ಹೊಸದನ್ನು ಅದಕ್ಕೇ ಕಟ್ಟಿ ವಾಪಸ್ ಎಳೆಯಬಹುದು.
3. ಬುಡ ಕೂರುವ ಜಾಗದ ಒಳಬದಿಯಲ್ಲಿ ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ. ಕಾರಿನ ಮೈಯೂ ಆಂಟೆನಾದ ಅರ್ಧ ಭಾಗವೇ. ಅರ್ಥಿಂಗ್ ಕೆಟ್ಟರೆ ಇಂಜಿನ್ನಿನ ಗೊರಗೊರ ಸದ್ದೇ ಕೇಳುತ್ತದೆ.
4. ರಬ್ಬರ್ ವಾಷರ್ ಸರಿಯಾಗಿ ಕೂರಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ತಲೆಮೇಲೇ ಸೋರುತ್ತದೆ.

ನಾವು ಮಾಡಿದ ತಪ್ಪು

ಬುಡ ಅಂಗಡಿಯಲ್ಲಿ ಸಿಕ್ಕಿತು, ಕೇಬಲ್ ಸಿಗಲಿಲ್ಲ. ನಮ್ಮ ಹತ್ತಿರ ಪ್ರಾಜೆಕ್ಟಿಗೆ ತಂದಿದ್ದ ಆರ್‌ಜಿ-58 ಕೇಬಲ್ ಎರಡು ಮೀಟರ್ ಇತ್ತು. "ಕೋಆಕ್ಸಿಯಲ್ ಅಂದ್ರೆ ಕೋಆಕ್ಸಿಯಲ್" ಅಂತ ಅದನ್ನೇ ಹಾಕಿದೆವು. ಎಫ್‌ಎಂ ಹಾಡು ಬಂತು. ಚಪ್ಪಾಳೆ! ಅಜ್ಜ ಬ್ಯಾಂಡ್ ಬದಲಿಸಿ ಸ್ವಲ್ಪ ಹೊತ್ತು ಗುಂಡಿ ತಿರುವಿದರು. "ಹಾಡೇನೋ ಬರ್ತಾವ. ಧಾರವಾಡ ಎಲ್ಲೈತಿ?"

ಉತ್ತರ ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ಎಫ್‌ಎಂ ಸುಮಾರು 100 ಮೆಗಾಹರ್ಟ್ಸ್. ತರಂಗದ ಉದ್ದ 3 ಮೀಟರ್, ಅದರ ಕಾಲುಭಾಗ 75 ಸೆಂ.ಮೀ. ಕಾರಿನ ಕಡ್ಡಿಗೆ ಇದು ಎಟುಕುವ ಅಳತೆ. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ತರಂಗದ ಉದ್ದ ಸುಮಾರು 392 ಮೀಟರ್, ಕಾಲುಭಾಗ 98 ಮೀಟರ್! ಅದರ ಮುಂದೆ ನಮ್ಮ ಕಡ್ಡಿ ಬರೀ ಒಂದು ಸಣ್ಣ ಕೆಪಾಸಿಟರ್, ಅಂದಾಜು 10 ಪಿಕೊಫ್ಯಾರಡ್.

ಆ ಕಡ್ಡಿ ಮತ್ತು ಕೇಬಲ್ ಸೇರಿ ವೋಲ್ಟೇಜ್ ಡಿವೈಡರ್ ಆಗುತ್ತವೆ. ಆರ್‌ಜಿ-58ಕ್ಕೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಎರಡು ಮೀಟರಿಗೆ 200. ಅಂದರೆ ಕಡ್ಡಿ ಹಿಡಿದ ಸಂಕೇತದ 10/210, ಇಪ್ಪತ್ತೊಂದರಲ್ಲಿ ಒಂದು ಪಾಲು ಮಾತ್ರ ರೇಡಿಯೊಗೆ ತಲುಪುತ್ತದೆ. ಕಾರ್ ಆಂಟೆನಾದ ಕೇಬಲ್ಲಿನ ನಡುವಿನ ತಂತಿ ಕೂದಲೆಳೆಯಂತೆ ತೆಳ್ಳಗೆ, ಸುತ್ತ ಹೆಚ್ಚು ಗಾಳಿ. ಅದು ಮೀಟರಿಗೆ 30 ಎಂದಿಟ್ಟುಕೊಂಡರೂ 10/70, ಏಳರಲ್ಲಿ ಒಂದು ಪಾಲು. ರೇಡಿಯೊದೊಳಗಿನ ಧಾರಕತೆ ಬಿಟ್ಟು ಹಾಕಿದ ಲೆಕ್ಕವಿದು. ಆದರೂ ಮೂರುಪಟ್ಟು ವ್ಯತ್ಯಾಸ!

ಮರುದಿನ ಗುಜರಿ ಕಾರೊಂದರಿಂದ ಸರಿಯಾದ ಕೇಬಲ್ ತಂದು ಹಾಕಿದೆವು. ಧಾರವಾಡ ಬಂತು. ಅಜ್ಜ ಏನೂ ಹೇಳಲಿಲ್ಲ, ಸೀಟು ಹಿಂದೆ ಸರಿಸಿ ಕಣ್ಣು ಮುಚ್ಚಿ ಕೂತರು.

ಗೆಳೆಯರೇ, ಗಿಡ್ಡ ರಬ್ಬರ್ ಆಂಟೆನಾ ಕೊಳ್ಳುವವರಿಗೂ ಇದೇ ಮಾತು: ಎಫ್‌ಎಂಗೆ ಸಾಕಾದೀತು, ಮಧ್ಯಮ ತರಂಗಕ್ಕೆ ಸಾಲದು. ಎಫ್‌ಎಂ ಹೆಚ್ಚುಕಡಿಮೆ ನೇರ ನೋಟದಷ್ಟೇ ದೂರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಮಧ್ಯಮ ತರಂಗ ನೆಲ ಹಿಡಿದು ಸಾಗುತ್ತದೆ. ಗೋಕಾಕದ ಗುಡ್ಡ ದಾಟಿ ಹೊಲದವರೆಗೆ ಬರುವುದು ಅದೇ. ನಾವು ನಮಗೆ ಬೇಕಾದ ಸ್ಟೇಷನ್ ಹಾಕಿ "ಆಯ್ತು" ಅಂದಿದ್ದೆವು. ರಿಪೇರಿ ಮುಗಿಯಿತೋ ಇಲ್ಲವೋ ಎಂದು ಹೇಳಬೇಕಾದವರು ಅದನ್ನು ಬಳಸುವವರು. ಲ್ಯಾಬ್ ರೆಕಾರ್ಡಿನಲ್ಲಿ ಈ ಸಾಲು ಇರಲಿಲ್ಲ, ಈಗ ಬರೆದುಕೊಂಡಿದ್ದೇವೆ.