ಫ್ಯೂಸ್ ಹೋಗಿಲ್ಲ, ಬೆಂಕಿ ಹತ್ತಿದೆ: ಸುಟ್ಟ ಲಾರಿ ವೈರಿಂಗ್ ಪರೀಕ್ಷಿಸುವ ಕ್ರಮ

ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ಲಾರಿಯ ವೈರಿಂಗ್ ಏಕೆ ಬೇಕು ಎಂದು ನೀವು ಕೇಳಬಹುದು. ಖಾಸಬಾಗದಲ್ಲಿ ಮಗ್ಗದಿಂದ ನಡೆಯುವ ಮನೆಗಳಿರುವಂತೆ ಗಾಡಿಯ ದುಡಿಮೆಯಿಂದ ನಡೆಯುವ ಮನೆಗಳೂ ಇವೆ. ನಮ್ಮ ಚಾಚಾ ಲಾರಿ, ಟೆಂಪೊಗಳ ವೈರಿಂಗ್ ಕೆಲಸ ಮಾಡುತ್ತಾರೆ. ರಜೆಯಲ್ಲಿ ನಾನು ಅವರ ಅಂಗಡಿಯ ಲೆಕ್ಕ ಬರೆಯುತ್ತೇನೆ. ಅಲ್ಲಿ ಕಂಡ ಒಂದು ಕೆಲಸ ನಮ್ಮ ಲೆಕ್ಕಶಾಸ್ತ್ರದ ಪಾಠಕ್ಕೆ ತುಂಬ ಹತ್ತಿರವಾಗಿತ್ತು. ಅದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನಡೆದದ್ದು ಏನು?

ಕಳೆದ ಮಳೆಗಾಲದಲ್ಲಿ ಖಾನಾಪುರದಿಂದ ಹಂಚು ಸಾಗಿಸುವ ಹಳೆಯ ಲಾರಿಯೊಂದು ಅಂಗಡಿಗೆ ಬಂತು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಬೇಗ ಎದ್ದಿರಲಿಲ್ಲ. ಮೂರ‍್ನಾಲ್ಕು ಸಲ ಹೊಡೆದ ಮೇಲೆ ಹೊಗೆ ಬಂದು ಎಂಜಿನ್ ಪಕ್ಕದ ವೈರುಗಳಿಗೆ ಬೆಂಕಿ ಹತ್ತಿತ್ತು. ಚಾಲಕರು ಕೂಡಲೇ ಬ್ಯಾಟರಿಯ ಕೇಬಲ್ ಕಿತ್ತು, ಮರಳು ಸುರಿದು ಆರಿಸಿದ್ದರು. ಯಾರಿಗೂ ಪೆಟ್ಟಾಗಿರಲಿಲ್ಲ. ಗಾಡಿ ಅವರದೇ, ಅದರ ಮೇಲೆ ಸಾಲವಿತ್ತು, ಕಂತಿನ ದಿನ ಹತ್ತಿರ ಬಂದಿತ್ತು.

"ಉಸ್ತಾದ್ರ, ಫ್ಯೂಸ್ ಒಂದೂ ಹೋಗಿಲ್ಲ. ಸುಟ್ಟ ವೈರ್ ಅಷ್ಟ ಬದಲಿ ಮಾಡಿ ಕೊಡ್ರಿ, ನಾಳೆ ಲೋಡ್ ಐತಿ" ಎಂದರು.

ಚಾಚಾ ಹೇಳಿದರು: "ಇವತ್ತ ಹಂಗ ಕೊಟ್ರ ನಾಳೆ ಮತ್ತ ಸುಡತೈತ್ರಿ. ಮೊದಲ ಕಾರಣ ಸಿಗಲಿ."

ಮೊದಲು ತಿಳಿಯಬೇಕಾದ ಎರಡು ವಿಷಯ

ಒಂದು: ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ ಸುಮಾರು 25.2 ತೋರಿಸುತ್ತದೆ. ಎಂಜಿನ್ ಓಡುವಾಗ ಸುಮಾರು 27ರಿಂದ 28.5 ಇರುತ್ತದೆ.

ಎರಡು: ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ಕರೆಂಟು ನೆಗೆಟಿವ್ ತುದಿಗೆ ಮರಳಲೇಬೇಕು. ಬಹುತೇಕ ಗಾಡಿಗಳಲ್ಲಿ ಮರಳುವ ದಾರಿ ಎಂದರೆ ಚಾಸಿಯ ಕಬ್ಬಿಣ. ಇದಕ್ಕೆ ಅರ್ತ್ ಎನ್ನುತ್ತಾರೆ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕಾಗಿ ಎಂಜಿನ್ನಿನಿಂದ ಚಾಸಿಗೆ ಒಂದು ದಪ್ಪ ಅರ್ತ್ ಪಟ್ಟಿ ಹಾಕಿರುತ್ತಾರೆ.

ಇದು ನಮ್ಮ ಜೋಡಿ ನಮೂದು ಪದ್ಧತಿಯಂತೆಯೇ. ಪ್ರತಿ ಡೆಬಿಟ್‌ಗೂ ಸಮನಾದ ಕ್ರೆಡಿಟ್ ಇರಬೇಕು. ಹೋದದ್ದನ್ನು ಮಾತ್ರ ನೋಡಿ ಬಂದದ್ದನ್ನು ಬಿಟ್ಟರೆ ಲೆಕ್ಕ ಮುಗಿಯುವುದಿಲ್ಲ.

ಪರೀಕ್ಷೆಯ ಕ್ರಮ

1. ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಬೇಕು. ಮೊದಲು ಪಾಸಿಟಿವ್ ಬಿಚ್ಚುವಾಗ ಪಾನಾ ಚಾಸಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ.

2. ಏನನ್ನೂ ಕತ್ತರಿಸುವ ಮೊದಲು ಫೋಟೊ ತೆಗೆದು, ಪ್ರತಿ ವೈರಿನ ಬಣ್ಣ ಮತ್ತು ಅದು ಹೋಗುವ ಜಾಗವನ್ನು ಬರೆದುಕೊಳ್ಳಬೇಕು. ಆ ಪಟ್ಟಿಯನ್ನು ನಾನು ಬರೆದೆ.

3. ಸುಟ್ಟ ಗುರುತನ್ನು ಓದಬೇಕು. ಹೊರಗಿನ ಬೆಂಕಿಯಿಂದ ಸುಟ್ಟ ವೈರ್ ಒಂದು ಮಗ್ಗುಲಲ್ಲಿ ಹೆಚ್ಚು ಕಪ್ಪಾಗಿರುತ್ತದೆ. ಒಳಗಿನ ಕರೆಂಟಿನಿಂದ ಕಾದ ವೈರಿನ ಪ್ಲಾಸ್ಟಿಕ್ ಉದ್ದಕ್ಕೂ ಉಬ್ಬಿ ಕರಗಿರುತ್ತದೆ. ಈ ಲಾರಿಯಲ್ಲಿ ಹಾಗೆ ಕರಗಿದ್ದು ತೆಳುವಾದ ಅರ್ತ್ ವೈರುಗಳು. ಉಳಿದವು ಅವುಗಳ ಪಕ್ಕದಲ್ಲಿದ್ದು ಸುಟ್ಟಿದ್ದವು.

4. ಲೈಟು, ಹಾರ್ನ್, ಮೋಟರ್ ಎಲ್ಲ ಬಿಚ್ಚಿ, ಪಾಸಿಟಿವ್ ಲೈನಿಗೂ ಚಾಸಿಗೂ ನಡುವೆ ಮೀಟರಿನಿಂದ ಓಂ ನೋಡಬೇಕು. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ.

5. ಮೊದಲ ಸಲ ಕರೆಂಟು ಕೊಡುವಾಗ ಫ್ಯೂಸಿನ ಜಾಗದಲ್ಲಿ 24 ವೋಲ್ಟ್, 21 ವಾಟ್ ಬಲ್ಬ್ ಹಾಕಬೇಕು. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆದರೆ ಹರಿಯುವುದು 1 ಆಂಪಿಯರ್‌ಗಿಂತ ಕಡಿಮೆ. ವೈರ್ ಸುಡುವುದಿಲ್ಲ. ಒಂದೊಂದು ಲೈನನ್ನೂ ಹೀಗೆ ಬೇರೆಬೇರೆಯಾಗಿ ನೋಡಬೇಕು.

6. ಕೊನೆಗೆ ಮರಳುವ ದಾರಿ. ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಸೆಲ್ಫ್ ಹೊಡೆಯಬೇಕು. ಮೀಟರ್ ಅರ್ಧ ವೋಲ್ಟಿನೊಳಗೆ ಇರಬೇಕು ಎನ್ನುವುದು ಗ್ಯಾರೇಜಿನ ರೂಢಿ. ಇಲ್ಲಿ ಅದು 4 ವೋಲ್ಟ್ ತೋರಿಸಿತು.

ಕಾರಣ ಸಿಕ್ಕಿತು

ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿದರೆ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಬಣ್ಣ. ಹಿಂದೆ ಎಂದೋ ಎಂಜಿನ್ ಇಳಿಸಿ ಕೂಡಿಸಿದಾಗ ಬಣ್ಣ ಕೆರೆಯದೆ ಬೋಲ್ಟ್ ಬಿಗಿದಿದ್ದರು. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ. ದಪ್ಪ ದಾರಿ ಮುಚ್ಚಿದ್ದರಿಂದ ಆ ಕರೆಂಟು ತೆಳುವಾದ ಅರ್ತ್ ವೈರುಗಳನ್ನು ಹಿಡಿದು ಮರಳಿತು.

ಲೆಕ್ಕ ಹಾಕೋಣ. ತೆಳು ವೈರಿನ ದಾರಿಯ ರೋಧ 0.05 ಓಂ ಎಂದುಕೊಳ್ಳಿ. ಅದರ ಎರಡು ತುದಿಗಳ ನಡುವೆ 4 ವೋಲ್ಟ್ ಇದ್ದರೆ ಕರೆಂಟು 4 ÷ 0.05 = 80 ಆಂಪಿಯರ್. ಹುಟ್ಟುವ ಶಾಖ 4 × 80 = 320 ವಾಟ್. ಅಂಗಡಿಯಲ್ಲಿ ಬೆಸುಗೆ ಹಾಕುವ 25 ವಾಟಿನ ಐರನ್ ಹನ್ನೆರಡನ್ನು ಒಂದೇ ವೈರಿಗೆ ಒತ್ತಿ ಹಿಡಿದಂತೆ!

ಫ್ಯೂಸ್ ಏಕೆ ಹೋಗಲಿಲ್ಲ? ಫ್ಯೂಸ್ ಇರುವುದು ಪಾಸಿಟಿವ್ ಕಡೆ, ಸುಟ್ಟದ್ದು ಮರಳುವ ಕಡೆ. ಅದೂ ಅಲ್ಲದೆ ಇಂತಹ ಹಳೆಯ ಲಾರಿಗಳಲ್ಲಿ ಸೆಲ್ಫಿಗೆ ಹೋಗುವ ದಪ್ಪ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲಾಗದು ಎಂಬುದನ್ನು ನಾವು ಓದಿದ್ದೇವೆ. ಪೂರ್ತಿ ಬಿಟ್ಟುಹೋದ ನಮೂದು ಅಲ್ಲಿ ಕಾಣುವುದೇ ಇಲ್ಲ. ಫ್ಯೂಸ್ ಡಬ್ಬಿಯೂ ಹಾಗೆಯೇ.

ಬೋಲ್ಟಿನ ಜಾಗ ಹೊಳೆಯುವಂತೆ ಉಜ್ಜಿ ಹೊಸ ಪಟ್ಟಿ ಹಾಕಿದ ಮೇಲೆ ಮೀಟರ್ 0.2 ವೋಲ್ಟಿಗೆ ಇಳಿಯಿತು. ಸುಟ್ಟ ವೈರುಗಳನ್ನು ಹಾಕಿದ್ದು ಆಮೇಲೆ. ಅರ್ತ್ ಪಟ್ಟಿಗೆ ಆದ ಖರ್ಚು ಕೆಲವು ನೂರು ರೂಪಾಯಿ. ಅದನ್ನು ಬಿಟ್ಟು ವೈರಿಂಗ್ ಮಾತ್ರ ಹೊಸದು ಮಾಡಿದ್ದರೆ ಅದೂ ಸುಡುತ್ತಿತ್ತು, ಬಹುಶಃ ಹಂಚು ತುಂಬಿಕೊಂಡು ಹೊರಟಾಗ, ಕ್ಯಾಬಿನ್ನಿನಲ್ಲಿ ಕ್ಲೀನರ್ ಮಲಗಿದ್ದಾಗ. ಲೋಡ್ ಎರಡು ದಿನ ತಡವಾಯಿತು. ಚಾಲಕರು ಬೇಸರಪಟ್ಟರು, ಆದರೆ ಮೀಟರನ್ನು ತಾವೇ ನೋಡಿ ಒಪ್ಪಿದರು.

ಎರಡು ಎಚ್ಚರಿಕೆ

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಎಂಜಿನ್ನಿಗೆ ಕಂಪ್ಯೂಟರ್ ಇದೆ. ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಕಂಪ್ಯೂಟರೇ ಕೆಡಬಹುದು. ಆ ಕೆಲಸ ತಿಳಿದವರಿಗೇ ಬಿಡಬೇಕು.

ಇನ್ನೊಂದು ವಿಮೆಯದು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದರಲ್ಲಿ ನಮ್ಮ ಗಾಡಿ ಸುಟ್ಟರೆ ಹಣ ಬರುವುದಿಲ್ಲ, ಪ್ಯಾಕೇಜ್ ಪಾಲಿಸಿ ಬೇಕು. ಪ್ಯಾಕೇಜ್ ಪಾಲಿಸಿ ಇದ್ದವರು ಬಿಚ್ಚುವ ಮೊದಲೇ ವಿಮಾ ಕಂಪನಿಗೆ ತಿಳಿಸಬೇಕು. ಬ್ಯಾಟರಿ, ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ 50% ಸವಕಳಿ ಕಳೆಯುತ್ತಾರೆ. ನಾವು ತರಗತಿಯಲ್ಲಿ ಕಲಿಯುವ ಸವಕಳಿ ಹೀಗೆ ಒಬ್ಬರ ಮನೆಯ ಖರ್ಚಾಗಿ ಬರುತ್ತದೆ.

ಅಭ್ಯಾಸಕ್ಕೆ

1. 24 ವೋಲ್ಟಿನ ಲಾರಿಯಲ್ಲಿ 70 ವಾಟಿನ ಎರಡು ಹೆಡ್‌ಲೈಟ್‌ಗಳು ಒಟ್ಟು ಎಷ್ಟು ಆಂಪಿಯರ್ ಎಳೆಯುತ್ತವೆ? (ಉತ್ತರ: ಸುಮಾರು 5.8)

2. ಆ ಲೈನಿನ 10 ಆಂಪಿಯರ್ ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆ ಎಂದು ಒಬ್ಬರು 30ರದನ್ನು ಹಾಕಿದರು. ಇದು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಅಲ್ಲಿಯೇ ಮರೆತಂತೆ. ಹೇಗೆ? ನಿಮ್ಮ ಮಾತಿನಲ್ಲಿ ಬರೆಯಿರಿ.

3. ಸುಟ್ಟ ವೈರಿಂಗ್ ಬದಲಿಸಿದ ಖರ್ಚು ಬಂಡವಾಳ ವೆಚ್ಚವೋ ರಾಜಸ್ವ ವೆಚ್ಚವೋ? ಕಾರಣ ಕೊಡಿ.