ಸಣ್ಣ ಟ್ರ್ಯಾಕ್ಟರಿಗೆ ಸೌದೆ ಸೀಳುವ ಯಂತ್ರ ಜೋಡಿಸುವುದು ಹೇಗೆ?



ಒಕ್ಕೂಟದ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ನಮ್ಮ ಸಂಘದಲ್ಲಿ ಸಣ್ಣ ಟ್ರ್ಯಾಕ್ಟರ್ ಇದೆ. ಉಳುಮೆ ಮುಗಿದ ಮೇಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ಅದಕ್ಕೆ ಸೌದೆ ಸೀಳುವ ಯಂತ್ರ ಹಾಕಿದರೆ ಆಗುತ್ತದಾ?” ಕರಾವಳಿ, ಮಲೆನಾಡಿನ ಕಡೆ ಇದು ಬೇಡಿಕೆ ಇರುವ ಕೆಲಸವೇ. ಅಡಿಕೆ ಬೇಯಿಸುವ ಒಲೆಗೆ, ಚರ್ಚಿನ ಹಬ್ಬದ ಅಡುಗೆಗೆ, ಮದುವೆ ಮನೆಗೆ, ಮಳೆಗಾಲದ ಬಚ್ಚಲ ಒಲೆಗೆ ಸೌದೆ ಬೇಕು. ಕೊಡಲಿಯಲ್ಲಿ ದಪ್ಪ ದಿಮ್ಮಿ ಸೀಳುವವರು ಸಿಗುವುದೇ ಕಷ್ಟ. ಸಿಕ್ಕಿದರೂ ಕೊಡಲಿ ಹಿಡಿದವರಿಗೆ ಒಂದು ಕೂಲಿ, ಸೀಳಿದ್ದನ್ನು ಹೊತ್ತು ಪೇರಿಸುವ ಹೆಂಗಸರಿಗೆ ಅದಕ್ಕಿಂತ ಕಡಿಮೆ ಕೂಲಿ.

ಆಗುತ್ತದೆ ಎಂಬುದೇ ಉತ್ತರ. ಆದರೆ ಎಲ್ಲಾ ಟ್ರ್ಯಾಕ್ಟರಿಗೂ ಎಲ್ಲಾ ಯಂತ್ರ ಹೊಂದುವುದಿಲ್ಲ. ಯಂತ್ರ ಮನೆಗೆ ಬಂದ ಮೇಲೆ ಪೈಪು ಕೂರುವುದಿಲ್ಲ ಅಂತ ಗೊತ್ತಾದರೆ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಈ ಪಾಠವನ್ನು ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆಯೇ ಸಭೆಯಲ್ಲಿ ಓದಿ.

ಎಣ್ಣೆಯ ಒತ್ತಡ ಎಂದರೇನು?

ಸೀಳುವ ಯಂತ್ರದಲ್ಲಿ ಮುಖ್ಯವಾಗಿ ಇರುವುದು ಮೂರೇ: ಉಕ್ಕಿನ ಬೆಣೆ, ದಿಮ್ಮಿಯನ್ನು ಬೆಣೆಯ ಕಡೆ ತಳ್ಳುವ ಸಿಲಿಂಡರ್, ಎಣ್ಣೆಯನ್ನು ಹಿಂದೆ ಮುಂದೆ ತಿರುಗಿಸುವ ಲಿವರ್. ಈ ಲಿವರಿನ ಕೆಳಗಿರುವ ಭಾಗಕ್ಕೆ ವಾಲ್ವ್ ಅನ್ನುತ್ತಾರೆ. ಎಣ್ಣೆಗೆ ಒತ್ತಡ ಕೊಡುವುದು ಪಂಪು. ಆ ಪಂಪು ಟ್ರ್ಯಾಕ್ಟರಿನದೇ ಆಗಿರಬಹುದು, ಅಥವಾ ಯಂತ್ರದ ಜೊತೆಯೇ ಬಂದಿರಬಹುದು. ಇಡೀ ಪಾಠ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಒತ್ತಡವನ್ನು ‘ಬಾರ್’ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 1 ಬಾರಿನಲ್ಲಿ. ಟ್ರ್ಯಾಕ್ಟರಿನ ಪೈಪಿನಲ್ಲಿ ಸುಮಾರು 150 ಬಾರ್ ಇರುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರ್ ಜಾಗದ ಮೇಲೆ 150 ಕಿಲೋ ಭಾರ ಇಟ್ಟ ಹಾಗೆ. ಸಿಲಿಂಡರಿನ ಒಳಗಿನ ಅಗಲ 8 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ.; 50ನ್ನು 150ರಿಂದ ಗುಣಿಸಿದರೆ 7,500 ಕಿಲೋ, ಏಳೂವರೆ ಟನ್ ಬಲ. ಅಗಲ 10 ಸೆಂ.ಮೀ. ಇದ್ದರೆ ಹೆಚ್ಚು ಕಡಿಮೆ 12 ಟನ್. ಮಾರುವವರು “ಇಪ್ಪತ್ತು ಟನ್ ಮೆಷಿನ್” ಅಂದಾಗ ನೀವೇ ಈ ಗುಣಾಕಾರ ಮಾಡಿ ನೋಡಬಹುದು. ಪಂಪಿನಲ್ಲಿ ಇಲ್ಲದ ಒತ್ತಡ ಯಂತ್ರದ ಮೇಲಿನ ಸ್ಟಿಕ್ಕರಿನಿಂದ ಬರುವುದಿಲ್ಲ.

ಬಲ ಒಂದು ಕಡೆ, ವೇಗ ಇನ್ನೊಂದು ಕಡೆ. ವೇಗವನ್ನು ತೀರ್ಮಾನಿಸುವುದು ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ಕೊಡುತ್ತದೆ ಎಂಬುದು. 10 ಸೆಂ.ಮೀ. ಅಗಲದ ಸಿಲಿಂಡರ್ ಅರ್ಧ ಮೀಟರ್ ಮುಂದೆ ಹೋಗಲು ಸುಮಾರು 4 ಲೀಟರ್ ಎಣ್ಣೆ ಬೇಕು. ಪಂಪು ನಿಮಿಷಕ್ಕೆ 20 ಲೀಟರ್ ಕೊಟ್ಟರೆ ಮುಂದೆ ಹೋಗಲು 12 ಸೆಕೆಂಡು, ವಾಪಸು ಬರಲು 9 ಸೆಕೆಂಡು. ದೊಡ್ಡ ಸಿಲಿಂಡರ್ ತಂದರೆ ಬಲ ಜಾಸ್ತಿ, ಕೆಲಸ ನಿಧಾನ. ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್ ಮರದ ನೇರ ದಿಮ್ಮಿಗಳಿಗೆ ನಮ್ಮ ಅಭಿಪ್ರಾಯದಲ್ಲಿ ಸಣ್ಣ ಸಿಲಿಂಡರೇ ವಾಸಿ. ಗಂಟು ತುಂಬಿದ ಬೊಡ್ಡೆಯನ್ನು ಪಕ್ಕಕ್ಕಿಡಿ, ಅದರ ಜೊತೆ ಹಟ ಬೇಡ.

ಮೊದಲು ಟ್ರ್ಯಾಕ್ಟರಿನ ಹಿಂಭಾಗ ನೋಡಿ

ಪವರ್ ಟಿಲ್ಲರ್ ಇರುವ ಸಂಘದವರು ಇಲ್ಲಿಗೇ ನಿಲ್ಲಿಸಬಹುದು. ಸಾಮಾನ್ಯವಾಗಿ ಟಿಲ್ಲರಿನಲ್ಲಿ ಹೈಡ್ರಾಲಿಕ್ ಇರುವುದಿಲ್ಲ.

ಟ್ರ್ಯಾಕ್ಟರ್ ಇದ್ದವರು ಹಿಂದೆ ಹೋಗಿ ನೋಡಿ. ನೇಗಿಲನ್ನು ಎತ್ತಿ ಇಳಿಸುವ ಎರಡು ತೋಳು ಎಲ್ಲಾ ಸಣ್ಣ ಟ್ರ್ಯಾಕ್ಟರಿಗೂ ಇರುತ್ತದೆ. ಆದರೆ ತೋಳು ಎತ್ತುವ ಎಣ್ಣೆಯನ್ನು ಹೊರಗೆ ತರುವ ಬಾಯಿ ಇದೆಯೇ ಎಂಬುದು ಬೇರೆ ಪ್ರಶ್ನೆ. ಟಿಪ್ಪರ್ ಟ್ರೇಲರ್ ಎತ್ತಲು ಪೈಪು ಸಿಕ್ಕಿಸುವ ಬಾಯಿ ನೀವು ನೋಡಿರಬಹುದು, ಅದೇ. ಕೆಲವಕ್ಕೆ ಅಂಥ ಬಾಯಿ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಒಂದೂ ಇಲ್ಲ.

ಎರಡು ಬಾಯಿ ಇದ್ದರೆ ಕೆಲಸ ಸುಲಭ: ಒಂದರಿಂದ ಎಣ್ಣೆ ಹೋಗುತ್ತದೆ, ಇನ್ನೊಂದರಿಂದ ವಾಪಸು ಬರುತ್ತದೆ. ಒಂದೇ ಬಾಯಿ ಇದ್ದಲ್ಲಿ ಸ್ವಲ್ಪ ಯೋಚಿಸಬೇಕು. ಟ್ರೇಲರ್ ಎತ್ತಲು ಮಾತ್ರ ಎಣ್ಣೆಯ ಬಲ ಬೇಕು, ಇಳಿಯುವಾಗ ಅದರ ಭಾರವೇ ಎಣ್ಣೆಯನ್ನು ಅದೇ ಪೈಪಿನಲ್ಲಿ ವಾಪಸು ತಳ್ಳುತ್ತದೆ. ಸೀಳುವ ಯಂತ್ರ ಹಾಗಲ್ಲ. ಅದಕ್ಕೆ ಮುಂದೆ ಹೋಗಲೂ ಹಿಂದೆ ಬರಲೂ ಎಣ್ಣೆಯೇ ಬೇಕು. ಆದ್ದರಿಂದ ಆ ಒಂದು ಬಾಯಿಯಿಂದ ಎಣ್ಣೆ ತೆಗೆದುಕೊಂಡು, ವಾಪಸು ಬರುವ ಎಣ್ಣೆಗೆ ನೇರ ಟ್ಯಾಂಕಿಗೆ ಇಳಿಯುವ ಬೇರೆ ಪೈಪನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಬೇಕು. ಟ್ರ್ಯಾಕ್ಟರ್ ಹೊಸದಾಗಿದ್ದರೆ, ಹೀಗೆ ಮಾಡಿಸಿದರೆ ವಾರಂಟಿ ಹೋಗುವುದಿಲ್ಲ ಅಂತ ಡೀಲರ್ ಹತ್ತಿರ ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ಬಾಯಿಯೇ ಇಲ್ಲ ಅಥವಾ ಪಂಪು ತೀರಾ ಸಣ್ಣದು ಅಂದರೆ, ಸ್ವಂತ ಪಂಪು ಮತ್ತು ಎಣ್ಣೆ ಟ್ಯಾಂಕ್ ಇರುವ ಯಂತ್ರ ಬೇಕು. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ಶಾಫ್ಟು ಆ ಪಂಪನ್ನು ತಿರುಗಿಸುತ್ತದೆ. ಇದರ ಬೆಲೆ ಹೆಚ್ಚು. ಆದರೆ ಟ್ರ್ಯಾಕ್ಟರಿನ ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಒಂದು ಲಾಭ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಸೀಳುವ ಯಂತ್ರದ ಪೈಪಿನಿಂದ ಮರಳು, ಮರದ ಹುಡಿ ಒಳಗೆ ಹೋದರೆ ಗೇರುಪೆಟ್ಟಿಗೆಯವರೆಗೂ ಹೋಗುತ್ತದೆ.

ಯಾವ ಬಗೆಯದನ್ನು ಕೊಂಡರೂ ಯಂತ್ರದ ಮೇಲೆ ಅದರದೇ ವಾಲ್ವ್ ಇರಲಿ. ಟ್ರ್ಯಾಕ್ಟರಿನ ಲಿವರಿನಿಂದಲೇ ನಡೆಸುವಂಥದ್ದು ಅಗ್ಗಕ್ಕೆ ಸಿಗಬಹುದು, ಬೇಡ. ಯಾಕೆಂದು ಮುಂದೆ ಹೇಳುತ್ತೇವೆ.

ಜೋಡಿಸುವ ಕ್ರಮ

ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಯಂತ್ರವನ್ನು ಎರಡು ತೋಳಿಗೂ ಮೇಲಿನ ಟಾಪ್ ಲಿಂಕಿಗೂ ಸಿಕ್ಕಿಸಿ, ಮೂರೂ ಪಿನ್ನಿಗೆ ಕ್ಲಿಪ್ ಹಾಕಿ. ಕ್ಲಿಪ್ ಕಳೆದುಹೋಗಿದೆ ಅಂತ ಕಬ್ಬಿಣದ ತಂತಿ ಸುತ್ತುವವರಿದ್ದಾರೆ. ಅಂಗಡಿಯಲ್ಲಿ ಕ್ಲಿಪ್ಪಿಗೆ ದೊಡ್ಡ ದುಡ್ಡೇನಿಲ್ಲ. ಆಮೇಲೆ ಯಂತ್ರವನ್ನು ನೆಲದ ಮೇಲೆ ಪೂರ್ತಿ ಇಳಿಸಿ. ತೋಳಿನ ಮೇಲೆ ತೂಗಾಡುತ್ತಿರುವಾಗ ಸೀಳಬಾರದು.

ಈಗ ಎಂಜಿನ್ ನಿಲ್ಲಿಸಿ. ಪೈಪಿನ ಕೆಲಸವೆಲ್ಲ ಎಂಜಿನ್ ನಿಂತ ಮೇಲೆಯೇ. ಹೈಡ್ರಾಲಿಕ್ ಲಿವರುಗಳನ್ನು ಎರಡು ಮೂರು ಸಲ ಆಚೀಚೆ ಆಡಿಸಿದರೆ ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಕಪ್ಲರ್ ಎಷ್ಟು ಒತ್ತಿದರೂ ಕೂರುವುದಿಲ್ಲ ಅನ್ನುವ ದೂರಿಗೆ ಹೆಚ್ಚಾಗಿ ಈ ಉಳಿದ ಒತ್ತಡವೇ ಕಾರಣ, ಸುತ್ತಿಗೆಯಲ್ಲಿ ಹೊಡೆಯಬೇಡಿ. ಎರಡೂ ತುದಿಯನ್ನು ಶುದ್ಧ ಬಟ್ಟೆಯಲ್ಲಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಬಳಸಬೇಡಿ. ಅದರ ಚೂರು ಒಳಗೆ ಹೋಗಿ ವಾಲ್ವ್ ಕಟ್ಟಿಕೊಳ್ಳುತ್ತದೆ.

ಯಾವ ಪೈಪು ಎಲ್ಲಿಗೆ? ಒತ್ತಡದ ಎಣ್ಣೆ ವಾಲ್ವಿನ ‘ಇನ್’ ಕಡೆಗೆ, ವಾಪಸಿನ ಪೈಪು ‘ಔಟ್’ ಅಥವಾ ‘ಟಿ’ ಅಂತ ಬರೆದ ಕಡೆಗೆ. ಅದಲು ಬದಲಾದರೆ ವಾಲ್ವಿನ ವಾಪಸು ಬದಿ ಅಷ್ಟು ಒತ್ತಡ ತಡೆಯದೆ ಸೀಲು ಒಡೆಯಬಹುದು. ವಾಪಸಿನ ಕಪ್ಲರ್ ಅರ್ಧ ಮಾತ್ರ ಕೂತಿದ್ದರೂ ಅದೇ ಗತಿ, ಯಾಕೆಂದರೆ ಎಣ್ಣೆಗೆ ಹೊರಗೆ ಹೋಗಲು ದಾರಿಯಿಲ್ಲ. ಮೊದಲ ದಿನವೇ ಒಂದು ಜೋಡಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ ಬಳಿಯಿರಿ. ಓದಲು ಬಾರದ ಸದಸ್ಯೆಯೂ ತಪ್ಪಿಲ್ಲದೆ ಜೋಡಿಸುತ್ತಾಳೆ. ಟ್ರ್ಯಾಕ್ಟರಿನ ಹೊರ ಲಿವರನ್ನು ಎಣ್ಣೆ ಹರಿಯುವ ಕಡೆಗೆ ಹಾಕಿದ ಮೇಲೆ ಮಕ್ಕಳು ಮರಿ ಮುಟ್ಟದ ಹಾಗೆ ಭದ್ರ ಮಾಡಬೇಕು. ಅದನ್ನು ಉಲ್ಟಾ ತಿರುಗಿಸಿದರೆ ಎಣ್ಣೆಯೂ ಉಲ್ಟಾ ಬರುತ್ತದೆ.

ಇನ್ನೊಂದು ಪದ ಕಲಿತಿರಿ: ‘ಓಪನ್ ಸೆಂಟರ್’. ಲಿವರ್ ನಡುವೆ ನಿಂತಾಗ ಎಣ್ಣೆ ಸುಮ್ಮನೆ ಟ್ಯಾಂಕಿಗೆ ವಾಪಸು ಹರಿಯುವ ವಾಲ್ವ್ ಅದು. ಸಣ್ಣ ಟ್ರ್ಯಾಕ್ಟರಿನ ಪಂಪು ಸಾಮಾನ್ಯವಾಗಿ ಎಂಜಿನ್ ಓಡುವಷ್ಟು ಹೊತ್ತೂ ಎಣ್ಣೆ ದಬ್ಬುತ್ತಲೇ ಇರುತ್ತದೆ. ದಾರಿ ಮುಚ್ಚುವ ವಾಲ್ವ್ ಹಾಕಿದರೆ ಎಣ್ಣೆ ಕಾದು ಪಂಪು ಕೆಡುತ್ತದೆ. ಅಂಗಡಿಯಲ್ಲಿ ಈ ಪದ ಹೇಳಿ ಕೇಳಿ. ಉತ್ತರ ಕೊಡಲಾರದ ಅಂಗಡಿಯಿಂದ ಯಂತ್ರ ತರಬೇಡಿ.

ಎಂಜಿನ್ ಶುರು ಮಾಡಿ, ದಿಮ್ಮಿ ಇಡದೆ ನಾಲ್ಕೈದು ಸಲ ಸಿಲಿಂಡರನ್ನು ಹಿಂದೆ ಮುಂದೆ ಓಡಿಸಿ. ಪೈಪಿನ ಗಾಳಿ ಹೋಗುತ್ತದೆ. ಹೊಸ ಪೈಪು, ಸಿಲಿಂಡರ್ ತುಂಬಲು ಟ್ರ್ಯಾಕ್ಟರಿನ ಎಣ್ಣೆಯೇ ಹೋಗಿರುವುದರಿಂದ ಎಂಜಿನ್ ನಿಲ್ಲಿಸಿ ಮಟ್ಟ ನೋಡಿ, ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿಸಿ.

ಪಿ.ಟಿ.ಓ. ಮತ್ತು ನಮ್ಮ ಸೀರೆ

ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಸುತ್ತಳತೆ ಒಂದು ಗೇಣು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಒಂಬತ್ತು ಗೇಣು ಬಟ್ಟೆ, ಅಂದರೆ ಸುಮಾರು 2 ಮೀಟರ್, ಒಳಗೆ ಸುತ್ತಿಕೊಳ್ಳುತ್ತದೆ. ಐದೂವರೆ ಮೀಟರಿನ ಸೀರೆ ಮೂರು ಸೆಕೆಂಡಿಗೆ ಮುಗಿಯಿತು. “ನಿಲ್ಸಿ” ಅಂತ ಕೂಗಿ, ಇನ್ನೊಬ್ಬರು ಓಡಿಬಂದು ಕೀಲಿ ತಿರುಗಿಸುವಷ್ಟು ಹೊತ್ತು ಅದರಲ್ಲಿಲ್ಲ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡರೆ ಸಾಕು ಅಂತ ಹಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಬಗ್ಗಿ ಏಳುವ ಕೆಲಸದಲ್ಲಿ ಸೆರಗು ಜಾರಿಯೇ ಜಾರುತ್ತದೆ. ಪ್ಯಾಂಟು, ಮೈಗೆ ಅಂಟಿದ ಅಂಗಿ, ಕಟ್ಟಿದ ಕೂದಲು, ಬೂಟು. ದುಪ್ಪಟ್ಟಾ, ಸಡಿಲ ಬಳೆ, ಉದ್ದ ಸರ ಮನೆಯಲ್ಲಿರಲಿ. ಯಾರಾದರೂ ನಕ್ಕರೆ ನಗಲಿ. ಸಂಘದ ಹಣದಿಂದಲೇ ಎರಡು ಜೊತೆ ಬಟ್ಟೆ ಹೊಲಿಸಿ ಯಂತ್ರದ ಜೊತೆ ಇಡಬಹುದು.

ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಕೆಲಸವಿಲ್ಲ. ತಿರುಗುವ ಶಾಫ್ಟನ್ನು ಯಾರೂ ದಾಟಬಾರದು.

ಲಿವರ್ ಯಾರ ಕೈಯಲ್ಲಿ?

ಒಬ್ಬರು ದಿಮ್ಮಿ ಇಟ್ಟು ಇನ್ನೊಬ್ಬರು ಲಿವರ್ ಎಳೆಯುವುದೇ ಬೆರಳು ಹೋಗುವ ದಾರಿ. ಇಟ್ಟವರ ಕೈ ಇನ್ನೂ ಅಲ್ಲೇ ಇದೆ ಅಂತ ಎಳೆದವರಿಗೆ ಕಾಣುವುದಿಲ್ಲ. ಆದ್ದರಿಂದ ದಿಮ್ಮಿ ಇಟ್ಟವರೇ ಲಿವರ್ ಎಳೆಯಬೇಕು. ಉಳಿದವರು ನಾಲ್ಕೈದು ಹೆಜ್ಜೆ ದೂರದಲ್ಲಿ ದಿಮ್ಮಿ ತರಬಹುದು, ಸೀಳಿದ್ದು ಪೇರಿಸಬಹುದು. ಟ್ರ್ಯಾಕ್ಟರಿನ ಲಿವರಿನಿಂದ ನಡೆಸುವ ಯಂತ್ರ ಬೇಡ ಅಂದಿದ್ದು ಇದಕ್ಕೇ. ಕೆಲವು ಯಂತ್ರಗಳಲ್ಲಿ ಎರಡೂ ಕೈಗೆ ಎರಡು ಹಿಡಿ ಇರುತ್ತದೆ, ಒಂದು ಬಿಟ್ಟರೂ ನಿಲ್ಲುತ್ತದೆ. ಅಂಥದ್ದು ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಬೇಗ ಆಗಲಿ ಅಂತ ಒಂದು ಹಿಡಿಯನ್ನು ಹಗ್ಗದಿಂದ ಕಟ್ಟಿ ಬಿಡುವವರಿಗೆ ಯಂತ್ರ ಕೊಡಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಯಂತ್ರ ಸಂಘದ ಹೆಸರಿನಲ್ಲಿ ಬರುತ್ತದೆ, ಲಿವರ್ ಮಾತ್ರ ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ, ಹೊರುವುದು ಮೊದಲಿನಂತೆ ಸದಸ್ಯೆಯರೇ. 1981ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ದುಡಿಮೆ ಇರುವುದು ಮನುಷ್ಯರಿಗಾಗಿ ಎಂಬುದನ್ನು ಒತ್ತಿ ಹೇಳಿದ್ದಾರೆ. ನಮ್ಮ ಪ್ರಶ್ನೆ ಸಣ್ಣದು: ಯಂತ್ರ ಬಂದ ಮೇಲೆ ಯಾರ ಬೆನ್ನುನೋವು ಕಡಿಮೆಯಾಯಿತು, ಯಾರ ಕೂಲಿ ಹೆಚ್ಚಾಯಿತು? ಕನಿಷ್ಠ ಮೂವರು ಸದಸ್ಯೆಯರು ನಡೆಸಲು ಕಲಿಯಬೇಕು ಅಂತ ನಿರ್ಣಯ ಪುಸ್ತಕದಲ್ಲಿ ಮೊದಲೇ ಬರೆಯಿರಿ.

ಸೂಜಿ ಚುಚ್ಚಿದ ಹಾಗೆ

ಪೈಪಿನಲ್ಲಿ ಸಣ್ಣ ತೂತು ಬಿದ್ದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುತ್ತದೆ, ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಹೊಕ್ಕ ಜಾಗ ಮೊದಲು ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಅಷ್ಟಿಲ್ಲ. ಕೆಲವು ಗಂಟೆಗಳಲ್ಲಿ ಊದಿಕೊಂಡು ಬೆರಳು ಅಥವಾ ಕೈಯನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಶಾಖ ಕೊಡುವುದು, ತಿಕ್ಕುವುದು, ನಾಳೆ ನೋಡೋಣ ಅನ್ನುವುದು ಬೇಡ. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಿರುವ ದೊಡ್ಡ ಆಸ್ಪತ್ರೆಗೆ ಆಗಲೇ ಹೋಗಿ, “ಹೆಚ್ಚಿನ ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ” ಅಂತ ಸ್ಪಷ್ಟವಾಗಿ ಹೇಳಿ.

ಲೆಕ್ಕ

ಒಂದು ಹೊಡೆತಕ್ಕೆ ಹೋಗಿ ಬರಲು 20 ಸೆಕೆಂಡು ಅಂದರೆ ಗಂಟೆಗೆ 180 ಹೊಡೆತ. ಇದು ಕಾಗದದ ಲೆಕ್ಕ. ದಿಮ್ಮಿ ಎತ್ತಬೇಕು, ತಿರುಗಿಸಬೇಕು, ಒಂದು ದಿಮ್ಮಿಗೆ ಎರಡು ಮೂರು ಹೊಡೆತ ಬೇಕು. ಅರ್ಧಕ್ಕಿಂತ ಹೆಚ್ಚು ಹಿಡಿಯಬೇಡಿ. ಬಾಡಿಗೆಯನ್ನು ಲೋಡಿನ ಲೆಕ್ಕದಲ್ಲಿ ಹೇಳದೆ ಟ್ರ್ಯಾಕ್ಟರಿನ ಗಂಟೆ ಮೀಟರ್ ನೋಡಿ ಹೇಳಿ. ಡೀಸೆಲ್, ಇಬ್ಬರ ಕೂಲಿ, ಕಂತು, ಇವುಗಳ ಜೊತೆ ಪೈಪು, ಎಣ್ಣೆ, ಫಿಲ್ಟರಿಗೆ ಅಂತ ಪ್ರತಿ ಗಂಟೆಗೆ ಇಷ್ಟು ಎಂದು ಎತ್ತಿಡಿ. ಹೋಸ್ ಪೈಪು ಬಿರುಕು ಬಿಟ್ಟಾಗ ಕೈಯಲ್ಲಿ ಹಣವಿಲ್ಲದಿದ್ದರೆ ಅದಕ್ಕೇ ಬಟ್ಟೆ ಸುತ್ತಿ ನಡೆಸುವ ಆಸೆ ಬರುತ್ತದೆ. ಸೀಳಲು ತಂದ ಮರ ಯಾರದು, ಕಡಿಯಲು ಅನುಮತಿ ಇತ್ತೇ ಎಂದೂ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗೆ ವಿನಾಯಿತಿ ಇದೆ, ಎಲ್ಲದಕ್ಕೂ ಇಲ್ಲ.

ಮುಂದಿನ ವಾರದ ಸಭೆಗೆ ಮುಂಚೆ ಇಬ್ಬರು ಸದಸ್ಯೆಯರು ಟ್ರ್ಯಾಕ್ಟರ್ ಹತ್ತಿರ ಹೋಗಿ ನಾಲ್ಕು ವಿಷಯ ಚೀಟಿಯಲ್ಲಿ ಬರೆದು ತನ್ನಿ: ಹಿಂದೆ ಎಣ್ಣೆಯ ಬಾಯಿ ಎಷ್ಟು, ಕೈಪಿಡಿಯಲ್ಲಿ ಪಂಪು ನಿಮಿಷಕ್ಕೆ ಎಷ್ಟು ಲೀಟರ್, ಒತ್ತಡ ಎಷ್ಟು ಬಾರ್, ಪಿ.ಟಿ.ಓ. ಕವಚ ಸರಿಯಿದೆಯೇ. ಆ ಚೀಟಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನಿಮ್ಮದೇ ಟ್ರ್ಯಾಕ್ಟರಿಗೆ ಜೋಡಿಸಿ, ನಿಮ್ಮದೇ ಊರಿನ ದಿಮ್ಮಿಯನ್ನು ಸೀಳಿ ತೋರಿಸಿದ ಮೇಲೆ ಮುಂಗಡ ಕೊಡಿ.