ಎದೆನೋವು: ಮೊದಲು ಪರೀಕ್ಷೆ, ಅನಂತರ ವಿಶ್ವಾಸ



ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ಚರಕಾಚಾರ್ಯರು ಪ್ರಧಾನ ಮರ್ಮಗಳೆಂದು ಗಣಿಸಿದ್ದಾರೆ. ಇವುಗಳಿಗೆ ಘಾತವಾದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಎದೆಯಲ್ಲಿ ಅಲ್ಪ ನೋವು ಕಾಣಿಸಿಕೊಂಡರೂ ಮನುಷ್ಯನು ಬೆಚ್ಚುವುದು ಸಹಜ. ಮೊಣಕಾಲು ನೋವಿಗೆ ಎಣ್ಣೆ ಹಚ್ಚಿ ಮಲಗುವವನೂ ಎದೆ ಚುಚ್ಚಿದರೆ ನಿದ್ದೆಗೆಡುತ್ತಾನೆ. ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ಎದೆನೋವೆಂದು ಬರುತ್ತಿದ್ದವರು ಬಹುಮಟ್ಟಿಗೆ ಐವತ್ತು ದಾಟಿದವರು. ಈಗ 20ರಿಂದ 35ರ ವಯೋಮಾನದವರೂ ಸಾಕಷ್ಟು ಸಂಖ್ಯೆಯಲ್ಲಿ ಬರುತ್ತಿದ್ದಾರೆ. ಅವರ ಕೈಯಲ್ಲಿ ಇಸಿಜಿ ಕಾಗದಗಳ ಕಟ್ಟು ಇರುತ್ತದೆ. "ಎಲ್ಲವೂ ನಾರ್ಮಲ್ ಎಂದರು, ಆದರೂ ನೋವು ಹೋಗಲಿಲ್ಲ" ಎಂಬುದು ಅವರ ಅಳಲು.

ಭೀತಿ ಹಬ್ಬಿದ ಬಗೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದಾಗ ನಾಡೇ ಮರುಗಿತು. ದಿನವೂ ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಮೃತರಾದರೆಂಬ ಸುದ್ದಿ ಬಂದಿತು. ಎರಡೂ ಸಂದರ್ಭಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನರು ಸಾಲುಗಟ್ಟಿದರು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರವು ಆ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಆ ಸಾವುಗಳೆಲ್ಲವೂ ಹೃದಯದ ಕಾರಣದಿಂದ ಆದವಲ್ಲವೆಂದೂ, ಹೃದಯಾಘಾತಗಳು ಏಕಾಏಕಿ ಏರಿವೆ ಎನ್ನಲು ಆಧಾರವಿಲ್ಲವೆಂದೂ ಸಮಿತಿ ತಿಳಿಸಿತು. ಆದರೆ ಭೀತಿಯನ್ನು ಹಬ್ಬಿಸಿದ ಮೊಬೈಲುಗಳಲ್ಲಿ ಈ ವರದಿ ಅಷ್ಟಾಗಿ ಹರಿದಾಡಲಿಲ್ಲ.

ಎರಡು ಬಗೆಯ ತಪ್ಪುಗಳು

ಎದೆನೋವಿನ ವಿಷಯದಲ್ಲಿ ಜನರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಮೊದಲನೆಯದು, ಹೃದಯದ ನೋವನ್ನು ಗ್ಯಾಸ್ ಎಂದು ತಳ್ಳಿಹಾಕುವುದು. ನಮ್ಮ ಪರಿಚಯದ ರೈತರೊಬ್ಬರು, ವಯಸ್ಸು 39, ಸಂಜೆ ಎದೆ ಬಿಗಿದು ಬೆವರು ಸುರಿದಾಗ ಜೀರಿಗೆ ಕಷಾಯ, ಸೋಡಾ ಕುಡಿದು ಬೆಳಗಾಗಲೆಂದು ಕಾದರು. ಪ್ರಾಣ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಶಾಶ್ವತವಾಗಿ ದುರ್ಬಲವಾಯಿತು. ಇಂದು ಅವರು ಒಂದು ಮೂಟೆ ಗೊಬ್ಬರ ಎತ್ತಲಾರರು.

ಎರಡನೆಯದು, ಪರೀಕ್ಷೆಯಲ್ಲಿ ಹೃದಯ ಆರೋಗ್ಯವಾಗಿದೆಯೆಂದು ತಿಳಿದ ಮೇಲೂ ನಂಬದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು. ಮೊದಲನೆಯ ತಪ್ಪು ಪ್ರಾಣವನ್ನು ಕಳೆಯಬಹುದು, ಎರಡನೆಯದು ಬಾಳನ್ನು ಕಳೆಯುತ್ತದೆ. ಎರಡಕ್ಕೂ ಪರಿಹಾರ ಒಂದೇ: ತಡಮಾಡದೆ ಸರಿಯಾಗಿ ಪರೀಕ್ಷಿಸಿಕೊಳ್ಳುವುದು, ಬಂದ ಉತ್ತರವನ್ನು ನಂಬುವುದು.

ಯಾವ ನೋವಿಗೆ ಕಾಯಬಾರದು?

ಎದೆಯ ನಡುವೆ ಭಾರ ಹೇರಿದಂತೆ, ಹಿಂಡಿದಂತೆ ಆಗುವುದು. ಆ ನೋವು ತೋಳು, ಭುಜ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ ಜೊತೆಗೂಡುವುದು. ನಡೆದಾಗ, ಮೆಟ್ಟಿಲೇರಿದಾಗ ಹೆಚ್ಚಾಗಿ ಕುಳಿತಾಗ ಇಳಿಯುವುದು. ಆಟ ಅಥವಾ ಶ್ರಮದ ನಡುವೆ ಕಣ್ಣು ಕತ್ತಲಿಟ್ಟು ಬೀಳುವುದು. ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೈಹಾಕದೆ 108ಕ್ಕೆ ಕರೆಮಾಡಬೇಕು. ಮಧುಮೇಹಿಗಳಲ್ಲಿ ಮತ್ತು ಸ್ತ್ರೀಯರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ಉಬ್ಬಸ ಕಾಣಿಸಿಕೊಳ್ಳಬಹುದು. ಬೀಡಿ, ಸಿಗರೇಟು, ಗುಟ್ಕಾ ಸೇವಿಸುವವರು, ರಕ್ತದೊತ್ತಡವುಳ್ಳವರು, ತಂದೆ ಅಥವಾ ಸಹೋದರನಿಗೆ 55ರ ಒಳಗೆ, ತಾಯಿ ಅಥವಾ ಸಹೋದರಿಗೆ 65ರ ಒಳಗೆ ಹೃದ್ರೋಗ ಬಂದಿರುವವರು ಚಿಕ್ಕ ವಯಸ್ಸೆಂದು ಅಲಕ್ಷಿಸಬಾರದು.

ಮೊದಲ ಇಸಿಜಿ ಸರಿಯಿದ್ದರೂ ವೈದ್ಯರಿಗೆ ಸಂಶಯವಿದ್ದಲ್ಲಿ ಕೆಲವು ಗಂಟೆಗಳ ಅನಂತರ ಮತ್ತೊಮ್ಮೆ ಇಸಿಜಿ ತೆಗೆಯುತ್ತಾರೆ. ರಕ್ತದಲ್ಲಿ ಟ್ರೋಪೋನಿನ್ ಅಂಶವನ್ನು ನೋಡುತ್ತಾರೆ. ಅವಶ್ಯವಿದ್ದರೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಹೇಳುತ್ತಾರೆ. ಇದು ಪೂರ್ಣವಾಗುವವರೆಗೆ ಆಸ್ಪತ್ರೆಯಿಂದ ಎದ್ದುಬರಬಾರದು. ಆಯುರ್ವೇದ ವೈದ್ಯರಾಗಿ ನಾವು ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಹೊಳೆಮತ್ತಿಯ ತೊಗಟೆ, ಅಂದರೆ ಅರ್ಜುನ, ಹೃದ್ರೋಗದಲ್ಲಿ ಹೇಳಲ್ಪಟ್ಟ ಔಷಧಿಯೇ ಹೌದು. ಆದರೆ ಆಘಾತದ ಆ ಗಳಿಗೆಯಲ್ಲಿ ಮುಚ್ಚಿದ ರಕ್ತನಾಳವನ್ನು ಅದು ತೆರೆಯಲಾರದು. ಆಗ ಆಸ್ಪತ್ರೆಯೇ ಗತಿ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸುವ ಹಾಗೂ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಹೃದಯ ಸರಿಯಿದ್ದರೂ ನೋವೇಕೆ?

ಎದೆಯಲ್ಲಿ ಹೃದಯವೊಂದೇ ಇಲ್ಲ. ಪಕ್ಕೆಲುಬುಗಳ ಸಂಧಿ, ಸ್ನಾಯು, ಅನ್ನನಾಳ, ಶ್ವಾಸಕೋಶ ಎಲ್ಲವೂ ಇವೆ. ಬೆರಳ ತುದಿಯಿಂದ ತೋರಿಸಬಹುದಾದ, ಒತ್ತಿದರೆ ಹೆಚ್ಚಾಗುವ ನೋವು ಸಾಮಾನ್ಯವಾಗಿ ಪಕ್ಕೆಲುಬಿನದು ಅಥವಾ ಸ್ನಾಯುವಿನದು. ಉಸಿರೆಳೆದಾಗ ಸೂಜಿಯಂತೆ ಚುಚ್ಚಿ ಕೆಲವು ಕ್ಷಣಗಳಲ್ಲಿ ಮಾಯವಾಗುವ ನೋವು ತರುಣರಲ್ಲಿ ಸಾಮಾನ್ಯ. ರಾತ್ರಿ ಹತ್ತಕ್ಕೆ ಉಂಡು ಕೂಡಲೇ ಮಲಗುವವರಿಗೆ ಎದೆಯುರಿ, ಹುಳಿತೇಗು ಬರುತ್ತದೆ.

ಇವುಗಳ ಮೇಲೆ ಭಯವು ಸೇರಿದಾಗ ಒಂದು ಚಕ್ರ ತಿರುಗತೊಡಗುತ್ತದೆ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಎದೆಯ ಸ್ನಾಯುಗಳು ಬಿಗಿಯುತ್ತವೆ, ಉಸಿರು ವೇಗಗೊಳ್ಳುತ್ತದೆ. ಅತಿಯಾದ ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆ ಹಗುರವಾಗುತ್ತದೆ, ಬೆರಳು ಮತ್ತು ತುಟಿಗಳು ಜುಮುಗುಡುತ್ತವೆ. ಇದನ್ನು ಕಂಡು ಭಯ ಇಮ್ಮಡಿಸುತ್ತದೆ. ಇಂತಹ ಆವೇಗವು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರಕ್ಕೇರಿ ಅನಂತರ ತಾನಾಗಿ ಇಳಿಯುತ್ತದೆ. ಇದು ನಟನೆಯಲ್ಲ, ನೋವು ನಿಜವಾದದ್ದೇ. 1871ರಲ್ಲಿ ಅಮೆರಿಕದ ವೈದ್ಯ ಡಾಕೋಸ್ಟಾ ಅವರು ಅಂತರ್ಯುದ್ಧದ ಸೈನಿಕರ ಎದೆನೋವು, ಎದೆಬಡಿತ, ಉಬ್ಬಸಗಳನ್ನು ವಿವರವಾಗಿ ದಾಖಲಿಸಿದರು. ಅವರಲ್ಲಿ ಅನೇಕರ ಹೃದಯದ ರಚನೆಯಲ್ಲಿ ದೋಷವಿರಲಿಲ್ಲ. ರಣರಂಗದಲ್ಲಿ ನಿಂತವರಿಗೂ ಹೀಗಾಗುವುದಾದರೆ ಇದು ಹೇಡಿತನವಲ್ಲವೆಂಬುದು ಸ್ಪಷ್ಟ.

ಅದುಮಿಟ್ಟ ಕಣ್ಣೀರು

ತಡೆಯಬಾರದ ಹದಿಮೂರು ವೇಗಗಳನ್ನು ಚರಕಸಂಹಿತೆ ಹೇಳುತ್ತದೆ. ಅವುಗಳಲ್ಲಿ ಕಣ್ಣೀರೂ ಒಂದು. ಕಣ್ಣೀರನ್ನು ತಡೆದರೆ ಹೃದ್ರೋಗ, ಅರುಚಿ, ಭ್ರಮೆಗಳು ಉಂಟಾಗುತ್ತವೆಂದೂ ಅದಕ್ಕೆ ನಿದ್ರೆ, ಪ್ರಿಯವಾದ ಮಾತುಕತೆಗಳು ಹಿತವೆಂದೂ ಅಲ್ಲಿದೆ. ಇಲ್ಲಿ ಭ್ರಮೆಯೆಂದರೆ ತಲೆತಿರುಗು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ 28 ವರ್ಷದ ಯುವಕನೊಬ್ಬ ಎಂಟು ತಿಂಗಳಲ್ಲಿ 11 ಇಸಿಜಿ, ಮೂರು ಎಕೋ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ. ಪ್ರತಿ ವರದಿಯ ಸಮಾಧಾನ ಮೊದಮೊದಲು ತಿಂಗಳು ಬಾಳುತ್ತಿತ್ತು, ಕೊನೆಗೆ ಎರಡು ದಿನವೂ ಬಾಳಲಿಲ್ಲ. ಕೈಗಡಿಯಾರದಲ್ಲಿ ಗಳಿಗೆಗೊಮ್ಮೆ ನಾಡಿಯ ಬಡಿತ ನೋಡುತ್ತಿದ್ದ. ವಿಚಾರಿಸಿದಾಗ, ತನ್ನನ್ನು ಸಾಕಿ ಓದಿಸಿದ ಸೋದರಮಾವ 41ರಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ತಿಳಿಯಿತು. ಅಂದು ತಾಯಿಯನ್ನು ಹಿಡಿದುಕೊಂಡವನು ಅವನೇ, ಮಣ್ಣಿನ ಏರ್ಪಾಡು ನೋಡಿದವನೂ ಅವನೇ. ಅತ್ತಿರಲಿಲ್ಲ. "ಗಂಡಸು ಅಳಬಾರದು" ಎಂದು ಹಿರಿಯರು ಹೇಳಿದ್ದರು.

ಹೃದ್ರೋಗ ತಜ್ಞರೊಬ್ಬರು ಅವನ ಎಲ್ಲ ವರದಿಗಳನ್ನು ನೋಡಿ, ಹೊಸ ಲಕ್ಷಣ ಕಾಣದ ಹೊರತು ಒಂದು ವರ್ಷ ಯಾವ ಪರೀಕ್ಷೆಯೂ ಬೇಡವೆಂದು ಬರೆದುಕೊಟ್ಟರು. ಮನೋವೈದ್ಯರ ಸಲಹೆ, ನಿಯಮಿತ ನಿದ್ರೆ, ನಡಿಗೆ ಆರಂಭವಾದವು. ಮಾವನ ವರ್ಷದ ಪುಣ್ಯಸ್ಮರಣೆಯಲ್ಲಿ ತಾಯಿಯೊಡನೆ ಕುಳಿತು ಮನಸಾರೆ ಅತ್ತ. ನೋವು ಒಂದೇ ದಿನದಲ್ಲಿ ಹೋಗಲಿಲ್ಲ, ತಿಂಗಳುಗಳೇ ಬೇಕಾದವು. ಈಗಲೂ ಒಮ್ಮೊಮ್ಮೆ ಚುಚ್ಚುತ್ತದೆಯಂತೆ. ಆದರೆ ಅವನು ಓಡುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಪರೀಕ್ಷೆಯ ನಿರ್ಧಾರವನ್ನು ಒಬ್ಬ ವೈದ್ಯರಿಗೆ ಒಪ್ಪಿಸಬೇಕು. ಲಕ್ಷಣ ಹೊಸದಾದರೆ, ಬದಲಾದರೆ ಅವಶ್ಯ ಮತ್ತೆ ಹೋಗಬೇಕು. ಹಳೆಯ ನೋವಿಗೆ, ಬರಿಯ ಸಮಾಧಾನಕ್ಕಾಗಿ ಹೋಗಬಾರದು.

2. ನಾಡಿ ಎಣಿಸುವುದನ್ನೂ ಮೊಬೈಲಿನಲ್ಲಿ ರೋಗಲಕ್ಷಣ ಹುಡುಕುವುದನ್ನೂ ಬಿಡಬೇಕು. ಚರಕಾಚಾರ್ಯರು ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನ ಕೊಟ್ಟಿದ್ದಾರೆ.

3. ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ನಿಧಾನವಾಗಿ ಬಿಡುವ ಅಭ್ಯಾಸವನ್ನು ಬೆಳಿಗ್ಗೆ ಸಂಜೆ ಐದು ನಿಮಿಷ ಮಾಡಬೇಕು. ಇಷ್ಟಲಿಂಗ ಪೂಜೆಗೆ ಕುಳಿತಾಗಲೇ ಇದನ್ನು ರೂಢಿಸಿಕೊಳ್ಳಬಹುದು.

4. ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಬೇಕು. ಕಾಫಿ, ಚಹಾ ಮಿತಿಯಲ್ಲಿರಲಿ. ತಂಬಾಕು, ಮದ್ಯ ಬೇಡ. ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ಚುರುಕಾಗಿ ನಡೆಯಬೇಕು.

5. ಭಯದಿಂದ ಕೆಲಸ, ನಿದ್ದೆ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಗನೋ ಸೊಸೆಯೋ ಎದೆನೋವೆಂದಾಗ "ಗ್ಯಾಸ್ ಇರಬೇಕು, ಸುಮ್ಮನಿರು" ಎನ್ನಬೇಡಿರಿ. ಮೊದಲ ಸಲ ಜೊತೆಗೇ ಆಸ್ಪತ್ರೆಗೆ ಹೋಗಿರಿ. ವರದಿ ಸರಿ ಬಂದ ಮೇಲೆ "ಎಲ್ಲ ನಿನ್ನ ಮನಸ್ಸಿನ ಭ್ರಮೆ" ಎಂದು ಹಂಗಿಸಲೂ ಬೇಡಿರಿ. ಪಕ್ಕದಲ್ಲಿ ಕುಳಿತು ಏನು ದುಃಖವೆಂದು ಕೇಳಿರಿ. ಆ ಪ್ರಶ್ನೆಯನ್ನು ಯಾವ ಯಂತ್ರವೂ ಕೇಳಲಾರದು.